ಬಾಕ್ಸಿಂಗ್ ಸಿನಿಮಾ ನೋಡುವಾಗ: ಕ್ಯಾಮೆರಾ ಹಗ್ಗದ ಒಳಗೋ, ಹೊರಗೋ?

ಸಿನಿಮಾ ಕಲಿಯುವವರಿಗೆ ಬಾಕ್ಸಿಂಗ್ ಚಿತ್ರಗಳು ಒಳ್ಳೆಯ ಪಾಠ. ಜಾಗ ಚಿಕ್ಕದು, ಹೊಡೆದಾಡುವವರು ಇಬ್ಬರೇ, ಕಥೆಯೂ ಹೆಚ್ಚು ಕಡಿಮೆ ಗೊತ್ತಿರುವುದೇ. ಹಾಗಾಗಿ ನಿರ್ದೇಶಕ ಕ್ಯಾಮೆರಾವನ್ನು ಎಲ್ಲಿಟ್ಟಿದ್ದಾನೆ ಅನ್ನುವುದು ಬೇಗ ಕಣ್ಣಿಗೆ ಬೀಳುತ್ತದೆ. ಪಂದ್ಯ ನಡೆಯುವ ರಿಂಗ್‌ನ ಸುತ್ತ ಕಟ್ಟಿದ ಹಗ್ಗದ ಹೊರಗೆ ಕ್ಯಾಮೆರಾ ಇದ್ದರೆ ನಾವು ಪ್ರೇಕ್ಷಕರು. ಒಳಗೆ ಬಂದರೆ ಏಟು ತಿನ್ನುವವರ ಪಕ್ಕದಲ್ಲಿರುತ್ತೇವೆ.

1947ರ 'ಬಾಡಿ ಆಂಡ್ ಸೋಲ್'ನಿಂದ ಶುರು ಮಾಡಿ. ಅದರ ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋವ್ ಕಾಲಿಗೆ ರೋಲರ್ ಸ್ಕೇಟ್ಸ್ ಕಟ್ಟಿಕೊಂಡು, ಕ್ಯಾಮೆರಾ ಕೈಯಲ್ಲಿ ಹಿಡಿದು ರಿಂಗ್‌ನೊಳಗೆ ಸುತ್ತಿದರು. ಹಿಂದಿನಿಂದ ಒಬ್ಬ ತಳ್ಳುತ್ತಿದ್ದ. ಆ ಹೊಡೆದಾಟ ಇವತ್ತಿಗೂ ಹಳೆಯದು ಅನ್ನಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರಾಬರ್ಟ್ ವೈಸ್ ನಿರ್ದೇಶಿಸಿದ 'ದಿ ಸೆಟ್-ಅಪ್' (1949). ಉದ್ದ ಬರೀ 72 ನಿಮಿಷ, ಕಥೆ ನಡೆಯುವುದೂ ಹತ್ತಿರ ಹತ್ತಿರ ಅಷ್ಟೇ ಹೊತ್ತು. ಸ್ಟೋಕರ್ 35 ವರ್ಷದ ಬಾಕ್ಸರ್. ಅವನ ಮ್ಯಾನೇಜರ್ ಪಂದ್ಯ ಸೋಲುವುದಕ್ಕೆ ದುಡ್ಡು ತಿಂದಿದ್ದಾನೆ. ಆದರೆ ಆ ವಿಷಯ ಸ್ಟೋಕರ್‌ಗೆ ಹೇಳಿಲ್ಲ. ಹೇಗೂ ಇವನು ಸೋಲುತ್ತಾನಲ್ಲ, ದುಡ್ಡಲ್ಲಿ ಪಾಲು ಯಾಕೆ ಕೊಡಬೇಕು ಅಂತ! ಈ ಪಾತ್ರ ಮಾಡಿದ ರಾಬರ್ಟ್ ರಯಾನ್ ಕಾಲೇಜಿನಲ್ಲಿ ನಿಜವಾಗಿ ಬಾಕ್ಸಿಂಗ್ ಆಡಿದವರು. ಅವರ ಕಾಲಿನ ಚಲನೆ ಗಮನಿಸಿ, ಗೊತ್ತಾಗುತ್ತದೆ.

ಇಲ್ಲಿ ನಿಜವಾದ ಪಾಠ ಇರುವುದು ಜನರ ಮುಖಗಳಲ್ಲಿ. ವೈಸ್ ಮತ್ತೆ ಮತ್ತೆ ಹಗ್ಗದ ಹೊರಗೆ ಬರುತ್ತಾರೆ. ಒಬ್ಬ ತಿನ್ನುತ್ತಲೇ ಇದ್ದಾನೆ. ಒಬ್ಬ ರೇಡಿಯೋದಲ್ಲಿ ಬೇರೆ ಆಟ ಕೇಳುತ್ತಿದ್ದಾನೆ. ಕಣ್ಣು ಕಾಣದ ಒಬ್ಬ ಪಕ್ಕದವನ ವರ್ಣನೆ ಕೇಳಿಯೇ 'ಹೊಡಿ' ಅಂತ ಕಿರುಚುತ್ತಾನೆ. ನಾವೂ ಅವರಂತೆಯೇ ನೋಡುತ್ತಾ ಕೂತಿದ್ದೇವೆ, ಅಲ್ವಾ? ಹಿನ್ನೆಲೆ ಸಂಗೀತ ಅಂತ ಬೇರೆ ಇಲ್ಲ. ಕೇಳುವುದು ಏಟಿನ ಸದ್ದು, ಜನರ ಕೂಗು, ಬೀದಿಯ ಹಾಡು. ಹಾಗಾಗಿ ಯಾವಾಗ ಮರುಗಬೇಕು ಅಂತ ಯಾರೂ ನಮಗೆ ಹೇಳಿಕೊಡುವುದಿಲ್ಲ.

'ರಾಕಿ' (1976) ಎಲ್ಲರೂ ನೋಡಿರುವ ಚಿತ್ರ, ಅದಕ್ಕೆ ಒಂದೆರಡು ಮಾತು ಸಾಕು. ಕೊನೆಯ ಪಂದ್ಯವನ್ನು 15ನೇ ರೌಂಡ್‌ನಿಂದ ಹಿಂದಕ್ಕೆ ಚಿತ್ರೀಕರಿಸಿದರು. ಊದಿದ ಮುಖದ ಮೇಕಪ್ ಮೊದಲೇ ಪೂರ್ತಿ ಹಾಕಿ, ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಹೋಗುವುದು ಸುಲಭ. ಇನ್ನೊಂದು: ತೀರ್ಪು ಹೇಳುವಾಗ ರಾಕಿ ತನ್ನ ಪ್ರೇಯಸಿ ಏಡ್ರಿಯನ್‌ಳನ್ನು ಕೂಗುತ್ತಿರುತ್ತಾನೆ. ಅವನು ಸೋತದ್ದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ.

ಮಾರ್ಟಿನ್ ಸ್ಕಾರ್ಸೆಸಿಯ 'ರೇಜಿಂಗ್ ಬುಲ್' (1980) ಸ್ವಲ್ಪ ಕಷ್ಟದ ಪಾಠ. ಜೇಕ್ ಲಮೋಟ ಎಂಬ ನಿಜವಾದ ಚಾಂಪಿಯನ್‌ನ ಕಥೆ ಇದು. ಕ್ಯಾಮೆರಾ ಹೆಚ್ಚಾಗಿ ಹಗ್ಗದ ಒಳಗೇ ಇರುತ್ತದೆ. ಆದರೆ ನಾವು ನೋಡುವುದು ಪಂದ್ಯವನ್ನಲ್ಲ, ಜೇಕ್‌ನ ತಲೆಯೊಳಗನ್ನು. ರಿಂಗ್‌ನ ಅಳತೆ ಕೂಡ ಪಂದ್ಯದಿಂದ ಪಂದ್ಯಕ್ಕೆ ಬದಲಾಗುತ್ತದೆ. ಒಂದು ಪಂದ್ಯದಲ್ಲಿ ಲೆನ್ಸ್ ಮುಂದೆ ಬೆಂಕಿ ಇಟ್ಟು, ಬಿಸಿಗೆ ದೃಶ್ಯವೇ ಅಲುಗಾಡುವಂತೆ ಮಾಡಿದ್ದಾರೆ. 1951ರಲ್ಲಿ ಶುಗರ್ ರೇ ರಾಬಿನ್ಸನ್ ವಿರುದ್ಧ ನಡೆದ ಪಂದ್ಯದ ದೃಶ್ಯದಲ್ಲಿ ಸದ್ದು ಇದ್ದಕ್ಕಿದ್ದಂತೆ ಇಳಿದುಹೋಗುತ್ತದೆ. ಆಮೇಲೆ ಏಟುಗಳ ಸುರಿಮಳೆ. ಇದರ ಸಂಕಲನಕ್ಕೆ ತೆಲ್ಮಾ ಸ್ಕೂನ್‌ಮೇಕರ್ ಅವರಿಗೆ ಆಸ್ಕರ್ ಬಂತು. ಹೊಡೆದಾಟದ ದೃಶ್ಯಗಳನ್ನು ಒಮ್ಮೆ ಸದ್ದು ನಿಲ್ಲಿಸಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕೇಳಿ.

ಸ್ಕೂನ್‌ಮೇಕರ್ ಕತ್ತರಿಸಿ ಸಾಧಿಸಿದ್ದನ್ನು ರಯಾನ್ ಕೂಗ್ಲರ್ 'ಕ್ರೀಡ್'ನಲ್ಲಿ (2015) ಕತ್ತರಿಸದೆ ಸಾಧಿಸಿದ್ದಾರೆ. ಒಂದು ಪಂದ್ಯ ಇಡೀ ಒಂದೇ ಶಾಟ್. ನಾಲ್ಕು ನಿಮಿಷಕ್ಕೂ ಜಾಸ್ತಿ. ರೌಂಡ್ ಮಧ್ಯದ ವಿರಾಮ ಕೂಡ ಅದರೊಳಗೇ ಬರುತ್ತದೆ. ಕಟ್ ಇಲ್ಲದ್ದರಿಂದ ನಮಗೂ ಉಸಿರು ಬಿಡಲು ಜಾಗ ಸಿಗುವುದಿಲ್ಲ. ಎದುರಾಳಿಯಾಗಿ ನಟಿಸಿದ ಗೇಬ್ರಿಯಲ್ ರೊಸಾಡೊ ವೃತ್ತಿಪರ ಬಾಕ್ಸರ್.

ನಮ್ಮ ಪಕ್ಕದ ತಮಿಳಿನ 'ಸಾರ್ಪಟ್ಟ ಪರಂಬರೈ' (2021) ಮತ್ತೆ ಜನರ ಕಡೆ ತಿರುಗುತ್ತದೆ. ಪಾ. ರಂಜಿತ್ 1970ರ ದಶಕದ ಉತ್ತರ ಮದ್ರಾಸನ್ನು ತೋರಿಸುತ್ತಾರೆ. ಅಲ್ಲಿ ಪಂದ್ಯ ಅಂದರೆ ಬಾಕ್ಸಿಂಗ್ ಮನೆತನಗಳ ಮಾನದ ಪ್ರಶ್ನೆ. ಡ್ಯಾನ್ಸಿಂಗ್ ರೋಸ್ ಎಂಬ ಬಾಕ್ಸರ್ ಜೊತೆಗಿನ ಪಂದ್ಯ ತಪ್ಪಿಸಬೇಡಿ. ರೋಸ್ ಕುಣಿಯುತ್ತಾನೆ, ಬಾಗುತ್ತಾನೆ, ಎದುರಾಳಿಯನ್ನು ಕಾಡಿಸುತ್ತಾನೆ. ಅವನ ಇಡೀ ದೇಹ ಕಾಣುವ ಶಾಟ್‌ಗಳು ಎಲ್ಲೆಲ್ಲಿ ಬರುತ್ತವೆ ಅಂತ ಗುರುತು ಮಾಡಿಕೊಳ್ಳಿ.

ಸಮಯ ಕಡಿಮೆ ಇದ್ದರೆ 'ದಿ ಸೆಟ್-ಅಪ್'ನ ಪಂದ್ಯ ಮತ್ತು 'ಕ್ರೀಡ್'ನ ಆ ಒಂದು ಶಾಟ್, ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಪ್ರೇಕ್ಷಕರ ಮುಖ ಎಷ್ಟು ಸಲ ಬಂತು ಅಂತ ಎಣಿಸಿ ಬರೆದಿಡಿ. ಮುಂದಿನ ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡಬಹುದು.