ಎರಡು ತಲೆ ಕಂಡ ಕೂಡಲೇ ನಂಟು ಕಟ್ಟಬೇಡಿ

ಎರಡು ತಲೆಯ ಹಕ್ಕಿಯ ಕೆತ್ತನೆಗಳ ಎರಡು ಫೋಟೊ, ಒಂದು ನಮ್ಮದು, ಒಂದು ಟರ್ಕಿಯದು, ಅಕ್ಕಪಕ್ಕ ಇಟ್ಟು "ಸರ್, ನಮ್ಮ ಗಂಡಭೇರುಂಡ ಟರ್ಕಿಯಿಂದ ಬಂದದ್ದಂತೆ, ಹೌದಾ?" ಎಂದು ಕೇಳುವವರು ಬರುತ್ತಲೇ ಇರುತ್ತಾರೆ. ಇಲ್ಲಿಂದಲೇ ಅಲ್ಲಿಗೆ ಹೋಯಿತು ಎನ್ನುವವರು ಅವರಿಗಿಂತ ಜಾಸ್ತಿ. ಇಬ್ಬರ ತಪ್ಪೂ ಒಂದೇ: ಫೋಟೊವನ್ನು ಕೊರಳಿಗೇ ಕತ್ತರಿಸಿರುತ್ತಾರೆ. ದಯವಿಟ್ಟು ಇಡೀ ಶಿಲ್ಪ ನೋಡಿ.

ಟರ್ಕಿಯ ಅಲಜಾ ಹೊಯುಕ್‌ನ ಕೋಟೆಬಾಗಿಲಲ್ಲಿ ಅಲ್ಲಿನ ಪ್ರಾಚೀನ ಜನರಾದ ಹಿಟ್ಟೈಟರು ಕೆತ್ತಿದ ಎರಡು ತಲೆಯ ಹದ್ದು ಒಂದೊಂದು ಕಾಲಲ್ಲಿ ಒಂದೊಂದು ಮೊಲ ಹಿಡಿದಿದೆ. ಟರ್ಕಿಯದೇ ಯಾಜಿಲಿಕಾಯಾದ ಬಂಡೆಯಲ್ಲಿ, ಕ್ರಿ.ಪೂ. 13ನೇ ಶತಮಾನ, ಅಂಥದೇ ಹದ್ದಿನ ಮೇಲೆ ಇಬ್ಬರು ದೇವಿಯರು ನಿಂತಿದ್ದಾರೆ. ಅಲ್ಲಿ ಅದು ಪೀಠ. ಈಗ ಪಾಕಿಸ್ತಾನದಲ್ಲಿರುವ ತಕ್ಷಶಿಲೆಯ ಸಿರ್ಕಪ್‌ನಲ್ಲಿ, ಕ್ರಿ.ಶ. 1ನೇ ಶತಮಾನದ ಸ್ತೂಪದ ತಳಗೋಡೆಯಲ್ಲಿ, ಅದು ಚೈತ್ಯದ ಕಮಾನಿನ ಮೇಲೆ ಕೂತ ಅಲಂಕಾರ.

ಇನ್ನು ಶಿಕಾರಿಪುರ ತಾಲೂಕಿನ ಬಳ್ಳಿಗಾವಿ. 1047ರಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ ನಿಲ್ಲಿಸಿದ, ಸುಮಾರು 30 ಅಡಿ ಕಂಬದ ಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಹೆಸರಲ್ಲಿರುವ 'ಗಂಡ' ಎಂದರೆ ವೀರ. 'ಗಂಡರ ಗಂಡ' ಎನ್ನುವ ಬಿರುದಿನಲ್ಲಿರುವುದೂ ಅದೇ ಪದ. ಗಂಡಭೇರುಂಡವೂ ಆಗ ಬಿರುದಾಗಿತ್ತು. ಆ ಊರಿನ ಶಾಸನಗಳಲ್ಲಿ ಹೊಲ ಅಳೆಯುವ ಕೋಲಾದ 'ಭೇರುಂಡ ಗಳೆ'ಯೂ ಬರುತ್ತದೆ. ದತ್ತಿ ಬಿಟ್ಟ ಭೂಮಿಯನ್ನು ಇದರಲ್ಲಿ ಅಳೆದರು ಎಂದರೆ ಆ ಹೆಸರಿಗೆ ಅಲ್ಲಿ ಎಷ್ಟು ತೂಕವಿತ್ತು, ಯೋಚಿಸಿ. ಮೊಲ ಹಿಡಿದ ಹದ್ದಿಗೂ ಇದಕ್ಕೂ ತಲೆಯ ಲೆಕ್ಕ ಬಿಟ್ಟರೆ ಏನು ಸಾಮ್ಯ?

ಪಂಚತಂತ್ರದ ಭಾರುಂಡಕ್ಕೆ ಹೊಟ್ಟೆ ಒಂದು, ಕೊರಳು ಎರಡು. ತಲೆಗಳು ಜಗಳವಾಡಿ, ಒಂದು ವಿಷ ತಿಂದು, ಎರಡೂ ಸಾಯುತ್ತವೆ. ಅಲ್ಲಿ ಎರಡು ತಲೆ ಎಂದರೆ ಒಡಕು, ಬಳ್ಳಿಗಾವಿಯಲ್ಲಿ ಅದೇ ಪರಾಕ್ರಮ. ರೂಪ ಒಂದಾದ ಮಾತ್ರಕ್ಕೆ ಅರ್ಥ ಒಂದಾಗುವುದಿಲ್ಲ.

ನಂಟೇ ಇಲ್ಲ ಎಂದು ಹೇಳಿಬಿಡುವುದೂ ಅವಸರವೇ. ಮುದ್ರೆ, ಬಟ್ಟೆ, ನಾಣ್ಯಗಳು ವ್ಯಾಪಾರಿಗಳ ಗಂಟಿನಲ್ಲಿ ಬಹುದೂರ ಹೋಗುತ್ತಿದ್ದವು. ಆದರೆ ಸಿರ್ಕಪ್‌ಗೂ ಬಳ್ಳಿಗಾವಿಗೂ ನಡುವೆ ಸಾವಿರ ವರ್ಷವಿದೆ. ನಂಟು ಇದೆ ಎನ್ನುವವರು ಆ ನಡುವಿನ ಕೊಂಡಿಗಳನ್ನು, ಕಾಲ ಗೊತ್ತಿರುವ ವಸ್ತುಗಳಲ್ಲೇ, ತೋರಿಸಬೇಕು. ಅಂಥ ಕೊಂಡಿ ನಮ್ಮಲ್ಲೇ ಸಿಗುತ್ತದೆ: ವಿಜಯನಗರದ ಅಚ್ಯುತರಾಯನ (1529–42) ಚಿನ್ನದ ನಾಣ್ಯದಲ್ಲಿ ಕೊಕ್ಕು, ಉಗುರುಗಳಲ್ಲಿ ಆನೆ ಹಿಡಿದ ಗಂಡಭೇರುಂಡ, ಆಮೇಲೆ ಮೈಸೂರು ಒಡೆಯರ ಲಾಂಛನ, ಈಗ ರಾಜ್ಯದ ಲಾಂಛನ. ಹೆಸರೂ ಅದೇ, ನಾಡೂ ಅದೇ. ಇದನ್ನು ಪರಂಪರೆ ಎನ್ನಲು ಅಡ್ಡಿಯಿಲ್ಲ.

ಎಲ್ಲಾದರೂ ಇಂಥ ಕೆತ್ತನೆ ಕಂಡರೆ ಬುಡದಿಂದ ತುದಿವರೆಗೆ ಫೋಟೊ ತೆಗೆಯಿರಿ. ಕಾಲಲ್ಲಿ, ಕೊಕ್ಕಿನಲ್ಲಿ ಏನಿದೆ ಎಂದು ಹತ್ತಿರದಿಂದ ಇನ್ನೊಂದು. ಬೆಳಗಿನ ಓರೆ ಬಿಸಿಲು ಒಳ್ಳೆಯದು, ನಡುಮಧ್ಯಾಹ್ನ ಗೆರೆ ಕಾಣುವುದಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಕಲ್ಲು ಮೊದಲಿನ ಜಾಗದಲ್ಲೇ ಇದೆಯೋ, ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದೋ ಎಂದು ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಅಕ್ಷರ ಕಾಣಲೆಂದು ಸುಣ್ಣ, ಎಣ್ಣೆ ಮಾತ್ರ ಬಳಿಯಬೇಡಿ.