ಸೆಕೆಂಡ್ ಹ್ಯಾಂಡ್ ದೊಡ್ಡ ಗಾಡಿ: ಟೋಕನ್ ಕೊಡುವ ಮುಂಚೆ ಅಡಿಗೆ ಮಲಗಿ ನೋಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಮುಗಿಯುತ್ತಾ ಬಂತೆಂದರೆ ನನ್ನ ಗ್ಯಾರೇಜಿಗೆ ಒಂದು ಥರದ ಫೋನು ಶುರುವಾಗುತ್ತವೆ. "ಅಣ್ಣಾರ, ಒಂದು ಗಾಡಿ ನೋಡೇನ್ರಿ. ಭಾರಿ ಐತಿ. ನೀವೊಮ್ಮೆ ಹೂಂ ಅಂದ್ರ ಮುಗೀತು." ಈ ಸಲ ಫೋನ್ ಮಾಡಿದವರು ಹಳೇ ಗಿರಾಕಿ, ಮೆಣಸಿನಕಾಯಿ ವ್ಯಾಪಾರದ ಸಾವಕಾರರು. ಅವರು ನೋಡಿದ್ದು ಹೊಸದಿದ್ದಾಗ ಕೋಟಿ ಮೀರಿದ ಗಾಡಿ. ಬಿಳಿ ಬಣ್ಣ, ಒಳಗೆ ಕಂದು ಲೆದರ್, ಏಳು ಸೀಟು, ಡೀಸೆಲ್, ದೆಹಲಿ ನಂಬರ್, ಒಂಬತ್ತೂವರೆ ವರ್ಷ ಹಳೆಯದು. ಕೇಳುತ್ತಿದ್ದ ರೇಟು 26 ಲಕ್ಷ. "ಹೊಸಾ ಫಾರ್ಚೂನರ್‌ಗಿಂತ ಕಡಿಮಿಗೆ ಬಂತಲ್ರೀ!" ಅಂದರು. ಆಗಲೇ 50 ಸಾವಿರ ಟೋಕನ್ ಕೊಟ್ಟು ಬಂದಿದ್ದರು. ಟೋಕನ್ ಕೊಟ್ಟ ಮೇಲೆ ಮೆಕ್ಯಾನಿಕ್‌ನನ್ನು ಕರೆಯುವುದು ಅಂದರೆ ತಾಳಿ ಕಟ್ಟಿದ ಮೇಲೆ ಜಾತಕ ತೋರಿಸಿದ ಹಾಗೆ.

ಇಂಥ ಗಾಡಿಗಳ ಲೆಕ್ಕವೇ ಬೇರೆ. ಹತ್ತು ವರ್ಷದಲ್ಲಿ ಗಾಡಿಯ ರೇಟು ಕಾಲು ಭಾಗಕ್ಕೆ ಇಳಿಯಬಹುದು. ಅದರ ಸಾಮಾನಿನ ರೇಟು ಮಾತ್ರ ಕೋಟಿ ಗಾಡಿಯ ರೇಟೇ. ಬ್ರೇಕ್ ಡಿಸ್ಕಿಗೆ ನಿಮ್ಮ ಗಾಡಿ ಹಳೇದು ಅಂತ ಗೊತ್ತಿರುವುದಿಲ್ಲ, ಅಲ್ವಾ? ಮೇಲಾಗಿ ಎರಡೂವರೆ ಟನ್ ತೂಕ. ಬ್ರೇಕ್, ಬುಷ್, ಟೈರ್, ಬೇರಿಂಗ್ ಎಲ್ಲವೂ ಸಣ್ಣ ಕಾರಿಗಿಂತ ಬೇಗ ಸವೆಯುತ್ತವೆ. ನಾನು ಗಿರಾಕಿಗಳಿಗೆ ಹೇಳುವ ಲೆಕ್ಕ ಇಷ್ಟೇ: ಗಾಡಿಗೆ ಕೊಡುವ ದುಡ್ಡಿನ ಐದರಲ್ಲಿ ಒಂದು ಪಾಲು ಮೊದಲ ವರ್ಷದ ರಿಪೇರಿಗೆ ಅಂತ ಬ್ಯಾಂಕಿನಲ್ಲಿ ಇಡಿ. ಅಷ್ಟು ಇಡಲು ಆಗದಿದ್ದರೆ ನಿಮ್ಮ ಬಜೆಟ್ಟಿಗೆ ಆ ಗಾಡಿ ದೊಡ್ಡದು. ಕಂಪನಿ ಸರ್ವಿಸ್ ಸೆಂಟರ್ ಎಲ್ಲಿದೆ ಅಂತಲೂ ಕೇಳಿಕೊಳ್ಳಿ. ಹುಬ್ಬಳ್ಳಿಯಿಂದ ಬೆಂಗಳೂರು 400 ಕಿ.ಮೀ. ಮೀರುತ್ತದೆ. ನಾಲ್ಕೂ ಚಕ್ರ ಸದಾ ಎಳೆಯುವ ಗಾಡಿಯನ್ನು ಎರಡು ಚಕ್ರ ಎತ್ತಿ ಎಳೆದುಕೊಂಡು ಹೋಗುವ ಹಾಗಿಲ್ಲ, ಇಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಸುಟ್ಟುಹೋಗುತ್ತದೆ. ಪೂರ್ತಿ ಗಾಡಿಯನ್ನು ಹೊರುವ ಫ್ಲಾಟ್‌ಬೆಡ್ ಲಾರಿಯೇ ಬೇಕು.

ಇನ್ನು ಆಫ್‌ರೋಡ್ ಮಾತು. ಹಿಂದೆ ನಾಲ್ಕು ಚಕ್ರದ ಬ್ಯಾಡ್ಜ್ ಅಂಟಿಸಿದ್ದೆಲ್ಲ ಕಾಡುಮೇಡು ಹತ್ತುವ ಗಾಡಿ ಆಗುವುದಿಲ್ಲ. ನಾನು ಮೊದಲು ಹುಡುಕುವುದು ಲೋ ಗೇರ್. ಟ್ರಾನ್ಸ್‌ಫರ್ ಕೇಸಿನಲ್ಲಿ ಇನ್ನೊಂದು ಜೊತೆ ಹಲ್ಲು ಇರುತ್ತದೆ. ಅದಕ್ಕೆ ಹಾಕಿದರೆ ಚಕ್ರ ತಿರುಗುವ ವೇಗ ಎರಡೂವರೆಯಿಂದ ಮೂರು ಪಟ್ಟು ಇಳಿಯುತ್ತದೆ, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಲ್ಯಾಂಡ್ ಕ್ರೂಸರ್, ಪ್ರಾಡೊಗಳಲ್ಲಿ ಇದು ಇದೆ. ದೊಡ್ಡ ರೇಂಜ್ ರೋವರ್‌ನಲ್ಲಿ ಇದೆ. ರೇಂಜ್ ರೋವರ್ ಸ್ಪೋರ್ಟ್‌ನಲ್ಲಿ ಇರುವುದೂ ಬಂದಿವೆ, ಇಲ್ಲದ್ದೂ ಬಂದಿವೆ. ಮರ್ಸಿಡಿಸ್ ಜಿಎಲ್ ಕಥೆಯೂ ಹಾಗೇ. ಆಡಿ ಕ್ಯೂ7, ಬಿಎಂಡಬ್ಲ್ಯು ಎಕ್ಸ್5, ವೋಲ್ವೊ ಎಕ್ಸ್‌ಸಿ90 ಇವಕ್ಕೆ ಲೋ ಗೇರ್ ಇಲ್ಲ. ಒಳ್ಳೆಯ ಗಾಡಿಗಳೇ. ಹೈವೇಗೆ, ಕಚ್ಚಾ ರಸ್ತೆಗೆ ಧಾರಾಳ ಸಾಕು. ಆಫ್‌ರೋಡ್ ಅಂತ ಜಾಸ್ತಿ ದುಡ್ಡು ಮಾತ್ರ ಕೊಡಬೇಡಿ.

ಎರಿ ಹೊಲದವರಿಗೆ, ಅಂದರೆ ಕಪ್ಪು ಮಣ್ಣಿನವರಿಗೆ, ಒಂದು ಕಿವಿಮಾತು. ನವಲಗುಂದ, ಅಣ್ಣಿಗೇರಿ, ನರಗುಂದ ಕಡೆ ಮಳೆ ಬಿದ್ದ ಎರಿ ನೆಲದಲ್ಲಿ ಯಾವ ದೊಡ್ಡ ಗಾಡಿಯ ಆಟವೂ ನಡೆಯುವುದಿಲ್ಲ. ನಾಲ್ಕು ಸುತ್ತು ತಿರುಗುವುದರೊಳಗೆ ಟೈರಿನ ಕಚ್ಚುಗಳಲ್ಲೆಲ್ಲ ಮಣ್ಣು ತುಂಬಿ ಟೈರು ಉಂಡೆಯಾಗುತ್ತದೆ. ಆಮೇಲೆ ಎಷ್ಟು ಬಲ ಇದ್ದರೂ ಹಿಡಿತವೇ ಇಲ್ಲ. ತೂಕಕ್ಕೆ ಚಾಸಿ ನೆಲಕ್ಕೆ ಕೂರುತ್ತದೆ. ನನ್ನ ಗಿರಾಕಿಯೊಬ್ಬರು ಸ್ವಂತ ಹೊಲದಲ್ಲೇ ಹೀಗೆ ಕೂತು, ಪಕ್ಕದ ಹೊಲದ ಹುಡುಗ ಹಳೇ ಟ್ರ್ಯಾಕ್ಟರ್ ತಂದು ಎಳೆದ. ಹೊಲದ ಕೆಲಸಕ್ಕೇ ಗಾಡಿ ಬೇಕಾದರೆ ಹಗುರ ಇರುವ ಹಳೇ ಬೊಲೆರೊ ಕ್ಯಾಂಪರ್ ತಗೊಳ್ಳಿ. ಕಲಘಟಗಿ ದಾಟಿ ದಾಂಡೇಲಿ, ಯಲ್ಲಾಪುರ ಕಡೆ ತೋಟ ಇದ್ದವರ ಮಾತು ಬೇರೆ. ಕೆಂಪು ಮಣ್ಣು, ಕಲ್ಲು, ಏರು ಇರುವ ಕಡೆ ಲೋ ಗೇರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಸಾವಕಾರರ ಗಾಡಿಗೆ ಬರೋಣ. ಡೀಲರ್ ಅದನ್ನು ಒಂದು ರಾತ್ರಿಯ ಮಟ್ಟಿಗೆ ನಮ್ಮ ಶೆಡ್ಡಿನಲ್ಲಿ ಬಿಡಲು ಒಪ್ಪಿದ. ಅಷ್ಟಕ್ಕೆ ನಾನು ಅರ್ಧ ಗೆದ್ದೆ. ಯಾಕೆಂದರೆ ಅದು ಗಾಳಿಯ ಸಸ್ಪೆನ್ಷನ್ ಇರುವ ಗಾಡಿ. ಪಾಟಾನೂ ಇಲ್ಲ, ಸ್ಪ್ರಿಂಗೂ ಇಲ್ಲ, ನಾಲ್ಕು ಮೂಲೆಗೆ ನಾಲ್ಕು ರಬ್ಬರ್ ಗಾಳಿಚೀಲ. ಸಂಜೆ ಆರಕ್ಕೆ ಸಮತಟ್ಟು ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಟೇಪ್ ಹಿಡಿದು ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದೆ. ನಾಲ್ಕೂ ಮೂಲೆಯ ಲೆಕ್ಕ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಕೀಲಿ ನಾನೇ ಇಟ್ಟುಕೊಂಡೆ. ರಾತ್ರಿ ಯಾರಾದರೂ ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ಗಾಳಿ ತುಂಬಿ ಸುಳ್ಳು ಹೇಳುತ್ತದೆ.

ಬೆಳಿಗ್ಗೆ ಏಳಕ್ಕೆ ಅಳೆದರೆ ಮೂರು ಮೂಲೆ ಹಾಗೇ ಇದ್ದವು. ಹಿಂದಿನ ಎಡ ಮೂಲೆ 35 ಮಿ.ಮೀ. ಇಳಿದಿತ್ತು. ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಚೀಲದ ಮಡಿಕೆಗೆ ಹೊಡೆದೆ. ಸಣ್ಣ ಸಣ್ಣ ಗುಳ್ಳೆ ಎದ್ದವು, ದೋಸೆ ಹಿಟ್ಟು ಉಬ್ಬಿದ ಹಾಗೆ. ಚೀಲ ಬದಲಿಸಿದರೆ ಮುಗೀತಲ್ಲ ಅಂತ ಡೀಲರ್ ಅಂದ. ಮುಗಿಯುವುದಿಲ್ಲ. ಚೀಲ ಸೋರುವಷ್ಟು ದಿನವೂ ಕಂಪ್ರೆಸರ್ ಬಿಡುವಿಲ್ಲದೆ ಓಡಿರುತ್ತದೆ, ಕಾದು ಕಾದು ಅದರ ಪಿಸ್ಟನ್ ರಿಂಗ್ ಸವೆದಿರುತ್ತದೆ. ಸ್ಟಾರ್ಟ್ ಮಾಡಿ ಪೂರ್ತಿ ಎತ್ತರಕ್ಕೆ ಏರಿಸಲು ಹಾಕಿದೆ. ಏದುಸಿರು ಬಿಡುತ್ತಾ ಅರ್ಧ ಏರಿ ನಿಂತಿತು. ಮೀಟರ್ ಬೋರ್ಡಿನಲ್ಲಿ ಹಳದಿ ದೀಪ. ಸಾವಕಾರರು ಸುಮ್ನೆ ನೋಡುತ್ತಾ ನಿಂತಿದ್ದರು.

ಆಮೇಲೆ ಗಾಡಿಯನ್ನು ರ‍್ಯಾಂಪಿಗೆ ಏರಿಸಿ ಹಿಂದಿನ ಡಿಫರೆನ್ಷಿಯಲ್‌ನ (ಎಡ, ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಳ ಪೆಟ್ಟಿಗೆ) ಎಣ್ಣೆ ತುಂಬುವ ಬೋಲ್ಟು ಬಿಚ್ಚಿದೆ. ಬೆರಳು ಹಾಕಿ ತೆಗೆದರೆ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣದ್ದು. ಒಳಗೆ ನೀರು ಹೋಗಿದೆ ಅಂತ ಅರ್ಥ. ಇದು ಆಗುವ ರೀತಿ ಹೀಗೆ: ಓಡಿ ಓಡಿ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ. ಹಾಗೇ ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಅದಕ್ಕೆ ಗಾಳಿ ಆಡುವ ಬ್ರೀದರ್ ಪೈಪ್ ಕಟ್ಟಿದ್ದರೆ ಅಥವಾ ಕಳಚಿದ್ದರೆ ಅದು ನೀರನ್ನೇ ಎಳೆದುಕೊಳ್ಳುತ್ತದೆ. ಆ ನೀರಿನಲ್ಲಿ ಬೇರಿಂಗ್ ತುಕ್ಕು ಹಿಡಿಯಲು ಬಹಳ ದಿನ ಬೇಡ. "ಒಬ್ರೇ ಓನರ್, ಡಾಂಬರ್ ಬಿಟ್ಟು ಇಳಿದೇ ಇಲ್ರೀ" ಅಂತ ಡೀಲರ್ ಹೇಳಿದ್ದ. ಡಾಂಬರಿನ ಮೇಲೆ ಇಷ್ಟು ನೀರು ಎಲ್ಲಿ ಸಿಕ್ಕಿತೋ.

ನೀರಿನ ಅನುಮಾನ ಬಂದರೆ ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ಗಾಡಿ ತೊಳೆಯುವವರು ಹೊರಗೆ ಕಾಣುವಷ್ಟೇ ಬೆಲ್ಟ್ ತೊಳೆಯುತ್ತಾರೆ, ಸುರುಳಿಯೊಳಗಿನ ಕೆಸರಿನ ಗೆರೆ ಹಾಗೇ ಉಳಿದಿರುತ್ತದೆ. ಸೀಟಿನ ಕೆಳಗಿನ ವೈರಿಂಗ್ ಕಪ್ಲರ್ ಬಿಚ್ಚಿ, ಹಸಿರು ಪುಡಿ ಇದೆಯಾ ನೋಡಿ. ಪ್ರವಾಹದಲ್ಲಿ ನಿಂತ ಗಾಡಿ ಎಷ್ಟೇ ಅಗ್ಗ ಆದರೂ ಬೇಡ. ಇಂಜಿನ್ ಬಿಚ್ಚಿ ಕಟ್ಟಬಹುದು, ನೀರು ಕುಡಿದ ವೈರಿಂಗಿಗೆ ಔಷಧಿ ಇಲ್ಲ.

ಲೋ ಗೇರ್ ಪರೀಕ್ಷೆ ಐದು ನಿಮಿಷದ್ದು, ಮಾಡುವವರು ಕಡಿಮೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಲೋಗೆ ಹಾಕಿ. ದೀಪ ಮಿಣುಕಿ ಆಮೇಲೆ ಸ್ಥಿರವಾಗಬೇಕು. ಮಿಣುಕುತ್ತಲೇ ಇದ್ದರೆ ಒಳಗಿನ ಮೋಟರ್ ಜಾಮ್ ಆಗಿದೆ. ಊರೊಳಗೇ ಓಡಿದ ಗಾಡಿಗಳಲ್ಲಿ ಇದು ಸಾಮಾನ್ಯ. ಹತ್ತು ವರ್ಷ ಮುಟ್ಟದ ಬೀಗದ ಥರ ಹಿಡಿದುಕೊಂಡಿರುತ್ತದೆ. ಡಿಫ್ ಲಾಕ್ (ಡಿಫರೆನ್ಷಿಯಲ್ ಬಿಗಿದು ಚಕ್ರಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ವ್ಯವಸ್ಥೆ) ಇದ್ದರೆ ಮಣ್ಣು ನೆಲದಲ್ಲಿ ಹಾಕಿ ನೋಡಿ. ಲಾಕ್ ಹಾಕಿಕೊಂಡು ಡಾಂಬರಿನ ಮೇಲೆ ಪೂರ್ತಿ ಸ್ಟೇರಿಂಗ್ ತಿರುಗಿಸಬೇಡಿ. ಚಕ್ರಗಳಿಗೆ ಬೇರೆ ಬೇರೆ ವೇಗದಲ್ಲಿ ತಿರುಗಲು ಜಾಗ ಇರುವುದಿಲ್ಲ, ಶಾಫ್ಟ್ ಬಿಗಿಯುತ್ತದೆ. ಏರಿಗೆ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ರಸ್ತೆ ಸಾಕು. ಮಾರುವವರು ಒಪ್ಪಿದರೆ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಸಿ ಹತ್ತಿಸಿ. ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆಯಾ, ಹತ್ತುವಾಗ ಗೇರ್ ಬೀಳುವುದು ತಡವಾಗುತ್ತದೆಯಾ, ಎಲ್ಲ ಅಲ್ಲೇ ಬಯಲಾಗುತ್ತದೆ.

ಟೈರು ನಾಲ್ಕೂ ಒಂದೇ ಕಂಪನಿ, ಒಂದೇ ಸವೆತ ಇರಲಿ. ಎರಡು ಹೊಸದು, ಎರಡು ಬೋಳು ಆದರೆ ಸುತ್ತಳತೆ ಬೇರೆಯಾಗಿ ನಡುವಿನ ಡಿಫರೆನ್ಷಿಯಲ್‌ಗೆ ಬಿಡುವೇ ಇರುವುದಿಲ್ಲ. ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಮೀಟರನ್ನು ಕಣ್ಣಿಂದ ನಂಬಬೇಡಿ, ಸ್ಕ್ಯಾನರ್ ಹಾಕಿಸಿ. ಈ ಥರದ ಹಲವು ಗಾಡಿಗಳಲ್ಲಿ ಕಿಲೋಮೀಟರ್ ಲೆಕ್ಕ ಒಂದಕ್ಕಿಂತ ಹೆಚ್ಚು ಕಡೆ ದಾಖಲಾಗಿರುತ್ತದೆ. ಮೀಟರ್ ತಿರುಗಿಸಿದವನು ಒಂದನ್ನು ಮರೆತಿರುತ್ತಾನೆ.

ಯಾವುದು ಒಳ್ಳೇದು ಹೇಳ್ರಿ ಅಂತ ಎಲ್ಲರೂ ಕೇಳುತ್ತಾರೆ. ದುಡ್ಡಿದ್ದರೆ 200 ಸರಣಿಯ ಲ್ಯಾಂಡ್ ಕ್ರೂಸರ್. 2007ರಿಂದ 2021ರವರೆಗೆ ಬಂದದ್ದು, 4.5 ಲೀಟರ್‌ನ ವಿ8 ಡೀಸೆಲ್. ಚಾಸಿ ಬೇರೆ, ಬಾಡಿ ಬೇರೆ, ಲಾರಿ ಕಟ್ಟಿದ ಹಾಗೆ. ಕೆಡುವುದು ಕಡಿಮೆ ಅಂತಲೇ ಅದರ ರೇಟೂ ಇಳಿಯುವುದಿಲ್ಲ. ಅಷ್ಟು ಆಗದಿದ್ದರೆ ಮೂರು ಲೀಟರ್ ಡೀಸೆಲ್ ಪ್ರಾಡೊ. ನನ್ನ ಓಟು ಇದಕ್ಕೇ. ರೇಂಜ್ ರೋವರ್ ಸೀಟಿನಲ್ಲಿ ಕೂತವರಿಗೆ ಬೇರೆ ಯಾವುದೂ ರುಚಿಸುವುದಿಲ್ಲ, ಅದು ನಿಜ. 2012ರ ನಂತರದ್ದು 900 ಮಿ.ಮೀ. ಆಳದ ನೀರು ದಾಟುತ್ತದೆ ಅಂತ ಕಂಪನಿ ಹೇಳುತ್ತದೆ. ಅದು ಹೊಸ ಗಾಡಿಯ, ಹೊಸ ರಬ್ಬರಿನ ಮಾತು. ಹತ್ತು ವರ್ಷದ ಗಾಡಿಯನ್ನು ತುಂಬಿದ ಬೆಣ್ಣಿಹಳ್ಳಕ್ಕೆ ಇಳಿಸಿ ನೋಡಬೇಡಿ. ಅದರ ವಿ6 ಡೀಸೆಲ್‌ಗೆ ಟೈಮಿಂಗ್ ಬೆಲ್ಟ್ ಇದೆ, ಇಂಜಿನ್ನಿನ ಹಿಂದುಗಡೆ ಡೀಸೆಲ್ ಪಂಪಿಗೆ ಇನ್ನೊಂದು ಬೆಲ್ಟ್. ಎರಡೂ ಬದಲಿಸಿದ ಬಿಲ್ ಕೇಳಿ. ಬಾಡಿ ಪೂರ್ತಿ ಅಲ್ಯುಮಿನಿಯಂ. ಬಣ್ಣದಡಿ ಮುಚ್ಚಿದ ಪುಟ್ಟಿ ಪತ್ತೆ ಹಚ್ಚಲು ನಾವು ಬಳಸುವ ಅಯಸ್ಕಾಂತ ಅದಕ್ಕೆ ಅಂಟುವುದೇ ಇಲ್ಲ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದವರನ್ನು ಕರೆದುಕೊಂಡು ಹೋಗಿ.

ಕಾಗದಪತ್ರದಲ್ಲಿ ಎಡವುವವರೇ ಜಾಸ್ತಿ. ದೆಹಲಿ ಗಾಡಿ ಯಾಕೆ ಅಗ್ಗ? ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು, 2025ರಲ್ಲಿ ಕೋರ್ಟೇ ಅದನ್ನು ಸಡಿಲಿಸಿತು. ಆ ಆದೇಶ ಬಂದಾಗಿನಿಂದ ಒಂಬತ್ತು ವರ್ಷದ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಇಳಿಯುತ್ತಾ ಬಂದಿವೆ. ತಪ್ಪೇನಿಲ್ಲ. ಆದರೆ ಕೆಎ 63, 25, 26, 27 ಯಾವ ನಂಬರಿಗೆ ತರುವುದಿದ್ದರೂ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು. ಸಾಲ ಇದ್ದರೆ ಬ್ಯಾಂಕ್ ಪತ್ರ, ಫಾರ್ಮ್ 35 ಬೇಕು. ಆಮೇಲೆ ನಮ್ಮ ಲೈಫ್ ಟೈಮ್ ಟ್ಯಾಕ್ಸ್. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 18. ಹಳೇ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ. ಆದರೆ ಇಳಿಸುವುದು ಹೊಸದಿದ್ದಾಗಿನ ಬೆಲೆಯ ಲೆಕ್ಕದಿಂದ, ನೀವು ಕೊಟ್ಟ 26 ಲಕ್ಷದಿಂದ ಅಲ್ಲ. ಕೋಟಿ ಗಾಡಿಗೆ ಈ ಮೊತ್ತ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿಕೊಂಡು ಆಮೇಲೆ ಚೌಕಾಸಿಗೆ ಕೂರಿ.

ಸಾವಕಾರರಿಗೆ ನಾನು ಚೀಟಿಯಲ್ಲಿ ಬರೆದುಕೊಟ್ಟೆ: ಗಾಳಿಚೀಲ ನಾಲ್ಕು, ಯಾಕೆಂದರೆ ಒಂದು ಹೋದರೆ ಉಳಿದವೂ ಅದೇ ವಯಸ್ಸಿನವು, ಕಂಪ್ರೆಸರ್ ಒಂದು, ಹಿಂದಿನ ಡಿಫರೆನ್ಷಿಯಲ್ ಬಿಚ್ಚಿ ಕಟ್ಟುವುದು, ಟೈರು ಎರಡು, ಟ್ಯಾಕ್ಸ್. ಅವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು, "ಇದರಾಗ ಇನ್ನೊಂದು ಸಣ್ಣ ಗಾಡೀನ ಬರ್ತೈತಲ್ಲೋ ಮಾರಾಯಾ" ಅಂದರು. ಗಾಡಿ ವಾಪಸ್ ಹೋಯಿತು. 50 ಸಾವಿರದ ಟೋಕನ್‌ನಲ್ಲಿ ಎರಡು ತಿಂಗಳು ಓಡಾಡಿದ ಮೇಲೆ 30 ಸಾವಿರ ಕೈಗೆ ಬಂತು. ಉಳಿದ 20 ಸಾವಿರವನ್ನು ನನ್ನ ಫೀಸಿನ ಜೊತೆ ಸೇರಿಸಿ ಬೈಯುತ್ತಿರುತ್ತಾರೆ.