ದೃಶ್ಯ ಹುಡುಕಾಟ: ಕಣ್ಣು ಹುಡುಕುವಾಗ ನೆನಪು ಏನು ಮಾಡುತ್ತದೆ?

ಎದುರಿಗೆ ಹತ್ತಾರು ವಸ್ತುಗಳಿರುವಾಗ ಬೇಕಾದ ಒಂದನ್ನು ಕಣ್ಣಿನಿಂದ ಪತ್ತೆ ಹಚ್ಚುವ ಕೆಲಸಕ್ಕೆ ಮನೋವಿಜ್ಞಾನದಲ್ಲಿ ‘ದೃಶ್ಯ ಹುಡುಕಾಟ’ ಎನ್ನುತ್ತಾರೆ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಮಂಡ್ಯದ ಬೋರ್ಡು ಹುಡುಕುವುದೂ ಅದೇ, ಅಕ್ಕಿಯಲ್ಲಿ ಕಲ್ಲು ಆರಿಸುವುದೂ ಅದೇ. ಸಿಗದಿದ್ದರೆ ‘ಕಣ್ಣು ಕಾಣಲ್ವಾ ನಿಂಗೆ?’ ಅಂತ ಬೈಯುತ್ತೇವೆ. ಬಹಳ ಸಲ ತಪ್ಪು ಕಣ್ಣಿನದ್ದಲ್ಲ. ಹುಡುಕುವ ಕೆಲಸದಲ್ಲಿ ದೊಡ್ಡ ಪಾಲು ಗಮನದ್ದು, ಆ ಗಮನಕ್ಕೆ ದಾರಿ ಹೇಳುವುದು ನೆನಪು.

ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಅದರ ಉಗುರಿನಷ್ಟು ಜಾಗ ಮಾತ್ರ ಕಣ್ಣಿಗೆ ಒಂದು ಸಲಕ್ಕೆ ನಿಚ್ಚಳವಾಗಿ ಕಾಣುತ್ತದೆ. ಸುತ್ತಲಿನದು ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ 3-4 ಸಲ ಜಾಗ ಬದಲಿಸುತ್ತಾ ಇರುತ್ತದೆ. ಮುಂದೆ ಎಲ್ಲಿಗೆ ನೆಗೆಯಬೇಕು ಅಂತ ತೀರ್ಮಾನ ಮಾಡುವುದು ಗಮನ.

ಮಂಡ್ಯದ ಕಡೆ ನಾಟಿ ಆಗಿ ಮೂರು ವಾರ ಕಳೆದ ಗದ್ದೆಯಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಅಗಲ ಎಲೆಯ ಕಳೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಸುತ್ತ ಎಷ್ಟು ಪೈರಿದ್ದರೂ ಹುಡುಕಬೇಕಾಗಿಯೇ ಇಲ್ಲ. ಆದರೆ ಭತ್ತದ ಪೈರಿನಂತೆಯೇ ಕಾಣುವ ಒಂದು ಹುಲ್ಲಿದೆ. ಅದೇ ಹಸಿರು, ಹೆಚ್ಚುಕಡಿಮೆ ಅದೇ ಎತ್ತರ, ಅದೇ ಉದ್ದನೆಯ ಎಲೆ. ಇದನ್ನು ಒಂದೊಂದೇ ಬುಡ ನೋಡಿ ಪತ್ತೆ ಮಾಡಬೇಕು. ಆನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ಮಂಡಿಸಿದ ಸಿದ್ಧಾಂತ ಶುರುವಾಗುವುದು ಈ ವ್ಯತ್ಯಾಸದಿಂದಲೇ. ಬಣ್ಣವೋ ಆಕಾರವೋ ಒಂದೇ ಗುಣದಲ್ಲಿ ಎದ್ದು ಕಾಣುವ ವಸ್ತು ತಟ್ಟನೆ ಸಿಗುತ್ತದೆ. ಎರಡು ಗುಣ ಕೂಡಿಸಿ ನೋಡಬೇಕಾದರೆ ಗಮನ ಒಂದೊಂದರ ಮೇಲೂ ಹೋಗಬೇಕು. ವಸ್ತುಗಳು ಹೆಚ್ಚಿದಷ್ಟೂ ಹೊತ್ತು ಹಿಡಿಯುತ್ತದೆ.

ಹಾಗಾದರೆ ಅನುಭವಿ ಹೆಂಗಸರು ಈ ಹುಲ್ಲನ್ನು ಅಷ್ಟು ಬೇಗ ಹೇಗೆ ಕೀಳುತ್ತಾರೆ? ಎಲೆ ಕಾಂಡವನ್ನು ಸೇರುವ ಕಡೆ ಭತ್ತಕ್ಕೆ ಒಂದು ತೆಳು ಪೊರೆ ಇರುತ್ತದೆ, ಈ ಹುಲ್ಲಿಗೆ ಇರುವುದಿಲ್ಲ. ಹೊಸಬಳಿಗೆ ‘ತುದಿ ನೋಡ್ಬ್ಯಾಡ ಕನವ್ವಾ, ಎಲೆ ಸಂದಿ ನೋಡು’ ಅಂತ ಒಬ್ಬರು ಹೇಳಿಕೊಟ್ಟರೆ ಸಾಕು, ಅವಳ ಹುಡುಕಾಟವೇ ಬದಲಾಗುತ್ತದೆ. ಕಣ್ಣು ಅದೇ, ಗದ್ದೆ ಅದೇ. ಬದಲಾಗಿದ್ದು ಮನಸ್ಸಿನಲ್ಲಿ ಹಿಡಿದುಕೊಂಡ ಚಿತ್ರ. ಏನನ್ನು ಹುಡುಕುತ್ತಿದ್ದೇವೆ ಅನ್ನುವ ಈ ಚಿತ್ರ ನೆನಪಿನ ಮೊದಲ ಕೊಡುಗೆ. ಅದಕ್ಕೆ ಹೊಂದುವ ಕಡೆಗೇ ಗಮನ ವಾಲುತ್ತದೆ. ಚಿತ್ರ ಎಷ್ಟು ಖಚಿತವೋ ಹುಡುಕಾಟ ಅಷ್ಟು ಚುರುಕು. ಇಷ್ಟೆಲ್ಲ ಬೇಡುವ ಕೆಲಸವನ್ನು ‘ಇದರಲ್ಲಿ ಕಲಿಯೋಕೇನಿದೆ’ ಅಂತ ಕಡಿಮೆ ಕೂಲಿಯ ಲೆಕ್ಕಕ್ಕೆ ಹಾಕುವುದನ್ನು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ಎರಡನೆಯದು, ಎಲ್ಲಿ ನೋಡಿಯಾಯಿತು ಅನ್ನುವ ನೆನಪು. ಇದರ ಬಗ್ಗೆ ಸಂಶೋಧಕರಲ್ಲಿ ದೊಡ್ಡ ಜಗಳವೇ ನಡೆಯಿತು. 1998ರಲ್ಲಿ ಟಾಡ್ ಹೊರೊವಿಟ್ಜ್ ಮತ್ತು ಜೆರೆಮಿ ವುಲ್ಫ್ ಒಂದು ಜಾಣ ಪ್ರಯೋಗ ಮಾಡಿದರು. ಹುಡುಕುತ್ತಿರುವಾಗಲೇ ಪರದೆಯ ಮೇಲಿನ ಅಕ್ಷರಗಳ ಜಾಗವನ್ನು ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗಕ್ಕೊಮ್ಮೆ ಅದಲುಬದಲು ಮಾಡಿದರು. ನೋಡಿದ ಜಾಗ ನೆನಪಿಟ್ಟುಕೊಂಡು ಹುಡುಕುವವರಾದರೆ ಈಗ ಜಾಸ್ತಿ ಕಷ್ಟವಾಗಬೇಕಿತ್ತು ಅಲ್ವಾ? ಆದರೆ ಅಕ್ಷರಗಳು ಹೆಚ್ಚಿದಂತೆ ಹಿಡಿಯುವ ಹೊತ್ತು, ಅವು ಜಾಗ ಬದಲಿಸಿದರೂ ಇದ್ದಲ್ಲೇ ಇದ್ದರೂ, ಒಂದೇ ರೀತಿ ಏರಿತು. ಹುಡುಕಾಟಕ್ಕೆ ನೆನಪೇ ಇಲ್ಲ ಅಂತ ಅವರು ಬರೆದರು. ಮ್ಯಾಥ್ಯೂ ಪೀಟರ್ಸನ್ ಮತ್ತು ಸಂಗಡಿಗರು 2001ರಲ್ಲಿ ಕಣ್ಣಿನ ಚಲನೆಯನ್ನೇ ಅಳೆದು ನೋಡಿದರು. ಆಗಲೇ ನೋಡಿದ ವಸ್ತುವಿಗೆ ಕಣ್ಣು ಮತ್ತೆ ಹೋಗುವುದು, ನೆನಪೇ ಇಲ್ಲದಿದ್ದರೆ ಎಷ್ಟಿರಬೇಕಿತ್ತೋ ಅದಕ್ಕಿಂತ ತುಂಬಾ ಕಡಿಮೆ. ಹಾಗಾಗಿ ನೆನಪು ಇದೆ. ಆದರೆ ಚಿಕ್ಕದು, ಇತ್ತೀಚಿನ ಕೆಲವು ಜಾಗಗಳಿಗಷ್ಟೇ ಸಾಲುವಂಥದ್ದು ಅನ್ನುವ ನಡುವಿನ ಮಾತು ನನಗೆ ಒಪ್ಪಿಗೆಯಾಗುತ್ತದೆ.

ಯಾಕೆಂದರೆ ನಮ್ಮ ಜನ ಆ ಚಿಕ್ಕ ನೆನಪನ್ನು ನಂಬಿ ಕೂರುವುದೇ ಇಲ್ಲ. ಕಳೆ ಕೀಳುವವರು ಗದ್ದೆಯ ಅಡ್ಡಕ್ಕೆ ಸಾಲಾಗಿ ನಿಂತು ಒಟ್ಟಿಗೆ ಮುಂದೆ ಸಾಗುತ್ತಾರೆ. ಹಿಂದೆ ಬಿದ್ದದ್ದೆಲ್ಲ ನೋಡಿಯಾದ ಜಾಗ. ಮೊರದಲ್ಲಿ ಅಕ್ಕಿ ಆರಿಸುವವರು ನೋಡಿದ್ದನ್ನು ಒಂದು ಮಗ್ಗುಲಿಗೆ ಸರಿಸುತ್ತಾರೆ. ನೆನಪಿನ ಹೊರೆಯನ್ನು ಕೈಕಾಲಿಗೆ ವಹಿಸಿದಂತೆ ಆಯಿತು. ಮನೆಯಲ್ಲಿ ಬೀಗದ ಕೈ ಕಳೆದಾಗ ಸುಮ್ನೆ ಅಲ್ಲಿ ಇಲ್ಲಿ ನೋಡುವವರು ಅದೇ ಮೇಜನ್ನು ಮತ್ತೆ ಮತ್ತೆ ನೋಡುವುದು ಇಂಥ ಸಾಲು ಇಲ್ಲದಿದ್ದಕ್ಕೇ.

ಇನ್ನೊಂದು ನೆನಪು ನಮಗೆ ಗೊತ್ತಾಗದಂತೆಯೇ ಕೆಲಸ ಮಾಡುತ್ತದೆ. ಮಾರ್ವಿನ್ ಚುನ್ ಮತ್ತು ಯುಹೊಂಗ್ ಜಿಯಾಂಗ್ 1998ರಲ್ಲಿ ಕೆಲವು ಅಕ್ಷರ ಜೋಡಣೆಗಳನ್ನು ಮತ್ತೆ ಮತ್ತೆ ತೋರಿಸಿದರು. ಜನ ಅವುಗಳಲ್ಲಿ ಬೇಗ ಹುಡುಕಿದರು. ‘ಇದನ್ನು ಮೊದಲು ನೋಡಿದ್ದೀರಾ?’ ಅಂತ ಕೇಳಿದರೆ ಗುರುತಿಸಲಾಗಲಿಲ್ಲ. ದಿನಾ ಮಂಡ್ಯಕ್ಕೆ ಓಡಾಡುವವರ ಕಣ್ಣು ಬಸ್ ಸ್ಟ್ಯಾಂಡಿಗೆ ಕಾಲಿಡುತ್ತಲೇ ಸರಿಯಾದ ಕಡೆ ತಿರುಗುವುದರಲ್ಲಿ ಇಂಥ ಕಲಿಕೆಗೂ ಪಾಲಿರಬೇಕು.

ನೆನಪು ದಾರಿ ತಪ್ಪಿಸುವುದೂ ಉಂಟು. ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಎಕ್ಸ್‌ರೇ ತಪಾಸಣೆಯನ್ನು ಹೋಲುವ ಪರೀಕ್ಷೆ ಮಾಡಿದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಅದು ಜನರ ಕಣ್ತಪ್ಪಿದ್ದು ಶೇ. 7ರಷ್ಟು. ನೂರರಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ಶೇ. 30ರಷ್ಟು. ‘ಇಷ್ಟು ಹೊತ್ತು ಇರಲಿಲ್ಲ, ಇಲ್ಲೂ ಇರಲಾರದು’ ಅಂತ ಹಿಂದಿನ ಅನುಭವವೇ ಹುಡುಕಾಟವನ್ನು ಬೇಗ ಮುಗಿಸಿಬಿಡುತ್ತದೆ. ಎರಡನೇ ಸಲ ಗದ್ದೆಗೆ ಇಳಿದಾಗ ಅಲ್ಲೊಂದು ಇಲ್ಲೊಂದು ಉಳಿದ ಹುಲ್ಲು ಕಣ್ತಪ್ಪುವುದಕ್ಕೂ ಇದೇ ಕಾರಣವಿರಬಹುದು ಅನ್ನೋದು ನನ್ನ ಊಹೆ. ವಿಮಾನ ನಿಲ್ದಾಣಗಳಲ್ಲಿ ಬ್ಯಾಗು ತಪಾಸಣೆ ಮಾಡುವವರ ಪರದೆಯ ಮೇಲೆ ನಡುನಡುವೆ ಸುಳ್ಳು ಆಯುಧದ ಚಿತ್ರ ತೋರಿಸಿ, ಆಮೇಲೆ ಅದು ಸುಳ್ಳು ಅಂತ ತಿಳಿಸುವ ಪದ್ಧತಿ ಇದೆ. ತಪಾಸಣೆ ಮಾಡುವವರ ಎಚ್ಚರವನ್ನು ಅಳೆಯುವುದರ ಜೊತೆಗೆ, ಸಿಗಬಹುದು ಅನ್ನುವ ನಿರೀಕ್ಷೆ ಬತ್ತಿ ಹೋಗದಂತೆ ನೋಡಿಕೊಳ್ಳುವುದಕ್ಕೂ ಅದು ಬಳಕೆಯಾಗುತ್ತದೆ.